ಕಡಲ ತಡಿಯಲ್ಲಿ ಸ್ವಯಂಪಾಕ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ನೀರೆಲ್ಲ ಪಡುಗಡಲಿಗೆ ಬೆನ್ನು ತಿರುಗಿಸಿ ಹರಿಯುತ್ತದೆ. ತಲಕಾವೇರಿಯಿಂದ ಪಡುಗಡಲಿಗೆ ನೇರ ಗೆರೆ ಎಳೆದರೆ 50–60 ಕಿಲೋಮೀಟರಿಗಿಂತ ಹೆಚ್ಚಿಲ್ಲ. ಆದರೂ ಕಾವೇರಿ ಆ ಕಡೆ ಮುಖ ಮಾಡದೆ, ಸುಮಾರು 800 ಕಿಲೋಮೀಟರು ನಡೆದು ಮೂಡಗಡಲನ್ನು ಸೇರುತ್ತಾಳೆ. ಹುಣಸೂರಿನ ಲಕ್ಷ್ಮಣತೀರ್ಥವೂ ಕೋಟೆಯ ಕಪಿಲೆಯೂ ಅವಳ ಹಿಂದೆಯೇ ಹೊರಡುತ್ತವೆ. ನದಿಗಳ ಹಾಗೆಯೇ ನಮ್ಮ ಜನವೂ ಬಹುಕಾಲ ಕಡಲನ್ನು ಕಾಣದೆಯೇ ಬಾಳಿದರು. ನಮ್ಮ ಅಜ್ಜಂದಿರ ಪಾಲಿಗೆ ಕಡಲೆಂದರೆ ಸಂತೆಯಲ್ಲಿ ಅಳೆದುಕೊಡುವ ಉಪ್ಪು, ಗೋಣಿಯ ಮೇಲೆ ಹರವಿದ ಒಣಮೀನು, ಅಷ್ಟೆ.

ಈಗ ಹಾಗಿಲ್ಲ. ಹುಣಸೂರಿನಿಂದ ಮಂಗಳೂರಿಗೆ ಸುಮಾರು 210 ಕಿಲೋಮೀಟರು. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಹೊತ್ತಿಗೆ ಅಲೆಗಳ ಸದ್ದು ಕೇಳಬಹುದು. ಆದರೆ ಹೋಗಿಬಂದವರನ್ನು ಕೇಳಿ ನೋಡಿ: ಧರ್ಮಸ್ಥಳ, ಉಡುಪಿ, ಕೊಲ್ಲೂರುಗಳ ನಡುವೆ ಕಡಲಿಗೆ ಸಿಕ್ಕದ್ದು ಒಂದು ಗಂಟೆ. ಪಂಚೆ ಎತ್ತಿ ಕಟ್ಟಿ ಮೊಣಕಾಲಿನವರೆಗೆ ನೀರಿಗಿಳಿದು, ಹುರಿಗಡಲೆ ತಿಂದು, ಭಾವಚಿತ್ರ ತೆಗೆಸಿಕೊಂಡು, ಚಾಲಕ ಕೊಂಬು ಊದಿದೊಡನೆ ಬಸ್ಸು ಹತ್ತಿದರು. ಇದನ್ನು ಕಡಲು ಕಂಡದ್ದೆನ್ನಬಹುದೆ? ನೆಂಟರ ಮನೆಯ ಜಗಲಿಯಲ್ಲಿ ನಿಂತು ನೀರು ಕುಡಿದು ಬಂದಂತೆ ಅದು.

ಈ ಅವಸರದ ಯಾತ್ರೆಗೆ ಬದಲಾಗಿ ಇನ್ನೊಂದು ಬಗೆ ಉಂಟು. ಗದ್ದಲವಿಲ್ಲದ ಒಂದು ಕಡಲ ಊರನ್ನು ಆರಿಸಿಕೊಂಡು, ಅಡಿಗೆಮನೆಯುಳ್ಳ ಒಂದು ಬಿಡಾರವನ್ನು ಐದಾರು ದಿನಗಳ ಮಟ್ಟಿಗೆ ಬಾಡಿಗೆಗೆ ಹಿಡಿದು, ತಾವೇ ಬೇಯಿಸಿಕೊಂಡು ಇರುವುದು. ಕಾಪುವಿನಿಂದ ಮಲ್ಪೆಯವರೆಗಿನ ತೀರದಲ್ಲಿ, ಕುಂದಾಪುರದ ಆಚೆ ಮರವಂತೆಯ ಕಡೆ, ಇನ್ನೂ ಮೇಲಕ್ಕೆ ಗೋಕರ್ಣ ಕಾರವಾರಗಳಲ್ಲಿ ಇಂತಹ ಬಿಡಾರಗಳು ದೊರೆಯುತ್ತವೆ. ಕೆಲವು ತೆಂಗಿನ ತೋಟದೊಳಗಿನ ಹಂಚಿನ ಮನೆಗಳು, ಕೆಲವು ಮಹಡಿಮನೆಯ ವಸತಿಗಳು. ಒಂದೆರಡು ಕೋಣೆ, ಗ್ಯಾಸಿನ ಒಲೆ, ನಾಲ್ಕಾರು ಪಾತ್ರೆ, ಒಂದು ಫ್ರಿಜ್ಜು, ಬಟ್ಟೆ ಒಣಗಿಸಲು ಹಗ್ಗ. ಹೋಟೆಲಿನ ಬೆಡಗು ಇಲ್ಲ. ಮನೆಯ ಸಲಿಗೆ ಉಂಟು.

ಪದ ಹಳೆಯದು, ಅರ್ಥ ಹೊಸದು

ಈ ಏರ್ಪಾಟಿಗೆ ನಮ್ಮ ಭಾಷೆಯಲ್ಲಿ ಒಂದು ಹಳೆಯ ಮಾತು ಸಿದ್ಧವಾಗಿದೆ: ಸ್ವಯಂಪಾಕ. ಹಿಂದಿನ ಛತ್ರಗಳಲ್ಲಿ ಸಿದ್ಧವಾದ ಊಟಕ್ಕೆ ಒಪ್ಪದ ಪ್ರಯಾಣಿಕನಿಗೆ ಅಕ್ಕಿ, ಬೇಳೆ, ಉಪ್ಪು, ಸೌದೆಗಳನ್ನು ‘ಪಡಿ’ ಎಂದು ಅಳೆದುಕೊಡುತ್ತಿದ್ದರು. ಅವನು ಮೂರು ಕಲ್ಲು ಹೂಡಿ ಬೇಯಿಸಿಕೊಳ್ಳುತ್ತಿದ್ದನು. ಇದರ ಹಿಂದೆ ಮಿತವ್ಯಯವಿದ್ದಂತೆ ಮಡಿಯೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ‘ಇನ್ನೊಬ್ಬರು ಮುಟ್ಟಿದ್ದನ್ನು ಉಣ್ಣೆ’ ಎಂಬ ಹಟವೇ ಅನೇಕರನ್ನು ಸ್ವಯಂಪಾಕಿಗಳನ್ನಾಗಿ ಮಾಡಿತ್ತು. ಊರಿನಲ್ಲಿದ್ದೂ ಊರಿನಿಂದ ಬೇರೆಯಾಗಿರುವ ಉಪಾಯವದು.

ಇಂದಿನ ಕಡಲತಡಿಯ ಸ್ವಯಂಪಾಕದ ನಡೆ ಇದಕ್ಕೆ ತೀರ ವಿರುದ್ಧವಾದದ್ದು. ಹೋಟೆಲಿನಲ್ಲಿ ಇಳಿದವನು ಕೈಗಂಟೆ ಒತ್ತಿದರೆ ಸಾಕು, ಊಟ ಬಂದೀತು. ಅವನಿಗೆ ಊರಿನ ಹಂಗಿಲ್ಲ. ಒಲೆ ಹೊತ್ತಿಸಬೇಕಾದವನಾದರೋ ಹಾಲಿನವನ ಮನೆಯನ್ನು ವಿಚಾರಿಸಬೇಕು, ಮೀನಿನ ಹೆಂಗಸನ್ನು ಕಾಯಬೇಕು, ಸೊಪ್ಪಿನ ಅಂಗಡಿಯಲ್ಲಿ ಹೆಸರು ಗೊತ್ತಿಲ್ಲದ ಸೊಪ್ಪನ್ನು ಹೇಗೆ ಬೇಯಿಸುವುದೆಂದು ಕೇಳಬೇಕು. ಎರಡನೆಯ ದಿನಕ್ಕೆ ಅಂಗಡಿಯವನು ಗುರುತು ಹಿಡಿಯುತ್ತಾನೆ. ಮೂರನೆಯ ದಿನಕ್ಕೆ ಮನೆಗೆ ಎಷ್ಟು ಮಕ್ಕಳೆಂದು ಕೇಳುತ್ತಾನೆ. ಹಳೆಯ ಸ್ವಯಂಪಾಕಿ ಒಲೆಯ ಸುತ್ತ ಗೆರೆ ಎಳೆದುಕೊಂಡನು. ಹೊಸಬನು ಅದೇ ಒಲೆಯ ದೆಸೆಯಿಂದ ಹತ್ತು ಮನೆಯ ಬಾಗಿಲಿಗೆ ಹೋಗುತ್ತಾನೆ.

ಇದು ನಮ್ಮಲ್ಲಿ ಮಾತ್ರ ಇದ್ದ ಪದ್ಧತಿಯಲ್ಲ. 19ನೆಯ ಶತಮಾನದ ಇಂಗ್ಲೆಂಡಿನ ಕಡಲ ಊರುಗಳಲ್ಲಿ ಬೇಸಿಗೆ ಕಳೆಯಲು ಬಂದ ಸಂಸಾರಗಳು ಕೋಣೆಗಳನ್ನಷ್ಟೆ ಬಾಡಿಗೆಗೆ ಹಿಡಿದು, ಮಾಂಸ, ತರಕಾರಿಗಳನ್ನು ತಾವೇ ಕೊಂಡು ತಂದು ಮನೆಯೊಡತಿಗೆ ಕೊಡುತ್ತಿದ್ದರು, ಆಕೆ ಬೇಯಿಸಿಕೊಡುತ್ತಿದ್ದಳು. ಮೇಜಿನ ಮೇಲಿನ ಉಪ್ಪು, ಮೆಣಸಿನ ಕುಡಿಕೆಗಳನ್ನು ಬಳಸಿದ್ದಕ್ಕೂ ಬೇರೆ ಲೆಕ್ಕ ಬರೆಯುತ್ತಿದ್ದ ಒಡತಿಯರು ಆ ನಾಡಿನ ಹಾಸ್ಯಕ್ಕೆ ಒಳ್ಳೆಯ ವಸ್ತುವಾದರು.

ನಮ್ಮ ಕಡಲತೀರಕ್ಕೂ ಇಂತಹ ನೆಲಸುವಿಕೆಯ ಒಂದು ದೊಡ್ಡ ನಿದರ್ಶನವುಂಟು. ರವೀಂದ್ರನಾಥ ಠಾಕೂರರು 1883ರಲ್ಲಿ ಕಾರವಾರಕ್ಕೆ ಬಂದದ್ದು ಸ್ಥಳಗಳನ್ನು ಎಣಿಸಿಕೊಂಡು ಹೋಗುವ ಪ್ರವಾಸಿಯಾಗಿ ಅಲ್ಲ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. ಅವರ ಮನೆಯಲ್ಲಿ ತಮ್ಮ ಇಳಿದುಕೊಂಡರು. ಆಗ ರವೀಂದ್ರರಿಗೆ 22 ವರ್ಷ. ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ಒಬ್ಬ ರೈತನ ಅಂಗಳದಲ್ಲಿ ತಾವು ತಂದ ಬುತ್ತಿಯನ್ನು ಉಂಡು, ಬೆಳದಿಂಗಳಿನಲ್ಲಿ ಮರಳಿನ ಮೇಲೆ ನಡೆದು ಮನೆಗೆ ಮರಳಿದ ಒಂದು ರಾತ್ರಿಯನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ‘ಪ್ರಕೃತಿಯ ಪ್ರತಿಶೋಧ’ ಎಂಬ ನಾಟಕ ಹುಟ್ಟಿದ್ದು ಆ ಕಾರವಾರದ ವಾಸದಲ್ಲಿ. ಬಸ್ಸಿನ ಕೊಂಬಿಗೆ ಕಿವಿಗೊಟ್ಟು ನಿಂತವನಿಗೆ ಅಂತಹ ರಾತ್ರಿ ದೊರೆಯುವುದೆಂತು?

ಇಳಿಯುವ ದಾರಿ

ನಮ್ಮ ಕಡೆಯವರಿಗೆ ಕಾಪು ಒಳ್ಳೆಯ ಆಯ್ಕೆ. ಉಡುಪಿಗೆ ತೆಂಕಲಾಗಿ, ಹೆದ್ದಾರಿಯ ಮಗ್ಗುಲಲ್ಲೇ ಇರುವ ಊರು. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ, ಮೂರು ಮಾರಿಗುಡಿಗಳು, ಉದ್ದನೆಯ ಮರಳು. ಸಂಜೆಯ ಹೊತ್ತು ಜನ ಸೇರುವುದುಂಟು. ಆದರೆ ಕತ್ತಲಾದ ಮೇಲೆ ತೀರ ಅಲ್ಲಿಯವರಿಗೆ ಮರಳುತ್ತದೆ.

ಹುಣಸೂರು ಬಿಟ್ಟರೆ ಪಿರಿಯಾಪಟ್ಟಣ. ಮುಂದೆ 1960ರ ದಶಕದ ಮೊದಲಲ್ಲಿ ಟಿಬೆಟ್ಟಿನಿಂದ ಬಂದವರು ಕಾಡು ಕಡಿದು ಒಲೆ ಹೂಡಿದ ಬೈಲುಕುಪ್ಪೆ. ಕಾವೇರಿ ದಾಟಿದರೆ ಕುಶಾಲನಗರ, ಮಡಿಕೇರಿ. ಅಲ್ಲಿಂದ ಸಂಪಾಜೆಯ ಘಟ್ಟ ಇಳಿಯುವಾಗ ಗಾಳಿ ದಪ್ಪವಾಗುತ್ತದೆ, ಕಿವಿ ಗುಂಯ್‌ಗುಡುತ್ತದೆ, ಕಾಫಿಯ ಗಿಡ ಹೋಗಿ ಅಡಕೆ, ತೆಂಗು ಬರುತ್ತವೆ. ಸುಳ್ಯ, ಶಿವರಾಮ ಕಾರಂತರು ಬಹುಕಾಲ ಬಾಳಿದ ಪುತ್ತೂರು, ನೇತ್ರಾವತಿಯ ದಂಡೆಯ ಬಂಟವಾಳ. ಇಲ್ಲಿ ನದಿ ನಮ್ಮ ಜೊತೆಯಲ್ಲೇ ಪಡುವಣಕ್ಕೆ ಓಡುತ್ತದೆ. ಹೊಳೆಯೊಂದು ಕಡಲಿನತ್ತ ಓಡುವುದನ್ನು ಕಂಡು ನಮ್ಮ ಕಡೆಯ ಮಕ್ಕಳಿಗೆ ವಿಚಿತ್ರವೆನಿಸಿದರೆ ಸೋಜಿಗವಿಲ್ಲ. ಮಂಗಳೂರಿನಿಂದ ಬಡಗಲಾಗಿ ಮುಲ್ಕಿ, ಪಡುಬಿದ್ರಿಗಳನ್ನು ದಾಟಿದರೆ ಕಾಪು. ಒಟ್ಟು ಸುಮಾರು 250 ಕಿಲೋಮೀಟರು.

ಕಾಲವನ್ನು ಮಾತ್ರ ಅರಿತು ಹೊರಡಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಈ ದಾರಿ ಮುಚ್ಚಿಹೋಗಿತ್ತು. ಮಳೆಗಾಲದಲ್ಲಿ ಘಟ್ಟವೂ ಕೆರಳುತ್ತದೆ, ಕಡಲೂ ಕೆರಳುತ್ತದೆ. ಅದೃಷ್ಟಕ್ಕೆ ನಮ್ಮ ವರ್ಜೀನಿಯಾ ಹೊಗೆಸೊಪ್ಪಿನ ರೈತರ ವರ್ಷವೂ ಕಡಲಿನ ವರ್ಷವೂ ಒಂದಕ್ಕೊಂದು ಹೊಂದಿಕೊಂಡಿವೆ. ಮುಂಗಾರಿಗೆ ನಾಟಿ, ಮಳೆಗಾಲದಲ್ಲಿ ಬ್ಯಾರನ್ನಿನ ಬೆಂಕಿಗೆ ಹಗಲಿರುಳು ಕಾವಲು, ಆಮೇಲೆ ಹರಾಜು. ಅದೆಲ್ಲ ಮುಗಿದು ಮುಂದಿನ ಸಸಿಮಡಿಯ ಕೆಲಸ ಬಿರುಸಾಗುವ ಮುನ್ನ, ಫೆಬ್ರವರಿ–ಮಾರ್ಚಿಯ ಸುಮಾರಿಗೆ, ಒಂದು ಬಿಡುವು ಸಿಕ್ಕುತ್ತದೆ. ಆಗ ಕಡಲು ಸಾಧುವಾಗಿರುತ್ತದೆ. ಸೆಕೆಯೂ ಇನ್ನೂ ತುತ್ತತುದಿಗೆ ಏರಿರುವುದಿಲ್ಲ.

ಆರು ದಿನದ ಪಾಠ

ಆರು ದಿನವೇಕೆ, ಎರಡು ದಿನ ಸಾಲದೆ ಎಂದು ಕೇಳುವವರಿದ್ದಾರೆ. ಉತ್ತರವನ್ನು ಕಡಲೇ ಕೊಡುತ್ತದೆ. ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಅದೂ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಬಂದ ದಿನ ಮುಂಜಾನೆ ಬಂಡೆಯ ಬುಡ ಮುಳುಗಿದ್ದರೆ, ವಾರ ಕಳೆಯುವ ಹೊತ್ತಿಗೆ ಅದೇ ಮುಂಜಾನೆ ಬಂಡೆಯ ಬುಡದಲ್ಲಿ ಮಕ್ಕಳು ಏಡಿಯ ಮರಿಗಳನ್ನು ಹುಡುಕಬಹುದು. ಹಗಲು ಕಡಲಿನಿಂದ ನೆಲಕ್ಕೆ ಬೀಸುವ ಗಾಳಿ ಇರುಳು ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಭೂಗೋಳದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಇವೆರಡನ್ನೂ ಕಣ್ಣಾರೆ ಕಾಣಲು, ಮೈಯಾರೆ ತಿಳಿಯಲು, ಬೆಳಿಗ್ಗೆಯೂ ರಾತ್ರಿಯೂ ಅಲ್ಲಿರಬೇಕು, ಹಲವು ದಿನ ಇರಬೇಕು.

ಇನ್ನು ಅಡಿಗೆಮನೆಯ ಪಾಠ. ಪೇಟೆಯಲ್ಲಿ ಬಂಗುಡೆ, ಬೂತಾಯಿ, ಕಾಣೆ, ಅಂಜಲ್ ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ಸಣ್ಣ ಮೀನನ್ನು ತಕ್ಕಡಿಗೆ ಹಾಕದೆ ಎಣಿಸಿ ಕೊಡುವ ಹೆಂಗಸರು ಇನ್ನೂ ಇದ್ದಾರೆ. ಒಂದೇ ಅಂಗಡಿಯ ಮುಂದೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಕೇಳಿಸುತ್ತವೆ; ಹರಕು ಮುರುಕಾಗಿ ಎರಡು ತುಳು ಮಾತು ಆಡಿದರೆ ನಗು ಬರುತ್ತದೆ, ಜೊತೆಗೆ ಒಂದೆರಡು ಮೀನು ಹೆಚ್ಚಿಗೆ ಬಂದರೂ ಬಂದೀತು. ಮೀನು ತಿನ್ನದವರಿಗೆ ಕೊರತೆಯಿಲ್ಲ. ಬಸಳೆ, ಹರಿವೆ, ಬಣ್ಣದ ಸೌತೆಕಾಯಿ. ಎಲ್ಲಕ್ಕಿಂತ ಮಿಗಿಲಾಗಿ, ಹತ್ತಿರದ ಮಟ್ಟು ಗ್ರಾಮದ ಹಸಿರು ಗುಳ್ಳ ಬದನೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯನ್ನು ಹುಳಿಯಲ್ಲಿ ಬೇಯಿಸಿ ತಿಂದವರು ನಮ್ಮ ಸಂತೆಯ ಬದನೆಯನ್ನು ಸ್ವಲ್ಪ ದಿನ ಮರೆಯುತ್ತಾರೆ. ಕೆಂಪು ಕುಚ್ಚಲಕ್ಕಿ ಮಾತ್ರ ತಾಳ್ಮೆಯನ್ನು ಬೇಡುತ್ತದೆ. ನಮ್ಮ ಸಣ್ಣಕ್ಕಿಯ ಲೆಕ್ಕದಲ್ಲಿ ಒಲೆಯಿಂದ ಇಳಿಸಿದರೆ ಹಲ್ಲಿಗೆ ಕಲ್ಲು. ಮುಕ್ಕಾಲು ಗಂಟೆಯಾದರೂ ಕುದಿಯಬೇಕು. ಗಂಜಿಯಾಗಿ, ಉಪ್ಪಿನಕಾಯಿಯೊಡನೆ ಉಂಡರೆ ಸೆಕೆಯ ನಾಡಿಗೆ ಅದೇಕೆ ಒಗ್ಗಿತೆಂಬುದು ಹೊಟ್ಟೆಗೇ ತಿಳಿಯುತ್ತದೆ. ರಾಗಿಹಿಟ್ಟಿನ ಒಂದು ಚೀಲವನ್ನು ಊರಿನಿಂದಲೇ ಒಯ್ಯುವುದು ಒಳ್ಳೆಯದು. ನಮ್ಮ ಮನೆಯ ಹಿರಿಯರು ಮೂರನೆಯ ದಿನ ಮುದ್ದೆಯನ್ನು ಬೇಡಿದರು. ಆ ದಿನ ಮುದ್ದೆಗೆ ಬಂಗುಡೆಯ ಸಾರು ಜೊತೆಯಾಯಿತು. ಘಟ್ಟದ ಮೇಲಿನದೂ ಕೆಳಗಿನದೂ ಒಂದೇ ತಟ್ಟೆಯಲ್ಲಿ ಕೂಡಿದ್ದನ್ನು ಕಂಡು ಹಿರಿಯರು ಏನೂ ಹೇಳಲಿಲ್ಲ. ಇನ್ನೊಂದು ಮುದ್ದೆ ಕೇಳಿದರು.

ಇಲ್ಲೊಂದು ವಿನೋದವುಂಟು. ನಾಡಿಗೆಲ್ಲ ಹೊರಗೆ ಉಣ್ಣುವುದನ್ನು ಕಲಿಸಿದವರು ಈ ಕರಾವಳಿಯವರೇ. 1924ರಲ್ಲಿ ಬೆಂಗಳೂರಿನಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದನ್ನು ಹುಟ್ಟುಹಾಕಿದ ಮಯ್ಯ ಸೋದರರು ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯವರು. ಅದು ಕಡಲ ಕಡೆಯ ಸಾಲಿಗ್ರಾಮ. ಕೃಷ್ಣರಾಜನಗರದ ಕಡೆಯ ನಮ್ಮ ಸಾಲಿಗ್ರಾಮವಲ್ಲ. ಉಡುಪಿ ಸೀಮೆಯಿಂದ ಹೋದ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ನಮ್ಮ ಸಣ್ಣಪುಟ್ಟ ಊರುಗಳಿಗೂ ದೋಸೆ, ಇಡ್ಲಿ, ಸಾಂಬಾರುಗಳ ಹೋಟೆಲನ್ನು ತಂದವರು ಉಡುಪಿಯ ಕಡೆಯವರು. ಹೋಟೆಲಿನಲ್ಲಿಯೂ ಜಾತಿಗೊಂದು ಕೋಣೆ ಇದ್ದ ಕಾಲ ಕಳೆದು, ಯಾರ ಪಕ್ಕದಲ್ಲಿ ಯಾರಾದರೂ ಕುಳಿತು ಉಣ್ಣುವಂತಾದದ್ದರಲ್ಲಿ ಆ ಹೋಟೆಲುಗಳ ಪಾಲು ದೊಡ್ಡದು. ಅದನ್ನು ಮರೆಯಲಾಗದು. ಆದರೆ ಆ ಊಟ ಈಗ ನಮ್ಮೂರಿನಲ್ಲಿಯೇ ಇದೆ. ಅದನ್ನೇ ಉಣ್ಣಲು 250 ಕಿಲೋಮೀಟರು ಹೋಗಬೇಕಾಗಿಲ್ಲ. ಹೋಟೆಲಿನ ಫಲಕ ಹೇಳದ ಊಟವೊಂದು ಆ ನಾಡಿನ ಮನೆಗಳಲ್ಲಿದೆ. ಅದರ ವಾಸನೆ ಸಿಕ್ಕುವುದು ಪೇಟೆಯಿಂದ ಚೀಲ ಹೊತ್ತು ತಂದವನಿಗೆ.

ರಜೆ ಯಾರದು?

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಪ್ರಶ್ನೆಯನ್ನು ನುಂಗುವುದು ನ್ಯಾಯವಲ್ಲ. ಹೀಗೆಯೇ ಕಡಲ ಊರೊಂದರಲ್ಲಿ ವಾರವಿದ್ದು ಬಂದ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಮಿತ್ರರು ಸೂರ್ಯಾಸ್ತವನ್ನು ವರ್ಣಿಸಿದರು, ಅಲೆಗಳನ್ನು ವರ್ಣಿಸಿದರು. ಅವರ ಪತ್ನಿ ಕಾಫಿಯ ತಟ್ಟೆಯನ್ನಿಡುತ್ತ ಮೆಲ್ಲಗೆ ಹೇಳಿದರು: “ಒಲೆ ಬದಲಾಯಿತು, ಅಡಿಗೆಯವಳು ಬದಲಾಗಲಿಲ್ಲ.” ಸೂರ್ಯ ಮುಳುಗುವ ಹೊತ್ತು ರಾತ್ರಿಯ ಅಡಿಗೆಯ ಹೊತ್ತೂ ಹೌದು. ಆ ವಾರದಲ್ಲಿ ಅವರು ಸೂರ್ಯಾಸ್ತ ಕಂಡದ್ದು ಒಂದೇ ಸಲ. ಅಂದು ಗ್ಯಾಸು ಮುಗಿದಿತ್ತು.

ಈ ಮಾತನ್ನು ನಕ್ಕು ತಳ್ಳಿಹಾಕಲಾಗದು. ಮನೆಯಲ್ಲಿ ಮುನ್ನೂರರವತ್ತು ದಿನ ಬೇಯಿಸುವವಳನ್ನು ಇನ್ನೂ ಐದು ದಿನ ಕಡಲಿನ ಎದುರಿಗೆ ಬೇಯಿಸಲು ಕರೆದೊಯ್ಯುವುದಾದರೆ ಅದಕ್ಕೆ ವಿಹಾರವೆಂಬ ಹೆಸರು ಸಲ್ಲದು. ಅದು ಅಡಿಗೆಮನೆಯ ವರ್ಗಾವಣೆ. ಹಾಗಾಗುವುದಾದರೆ ಹೋಟೆಲೇ ಮೇಲು. ಅಲ್ಲಿ ಆಕೆಯೂ ಕುಳಿತು ಉಣ್ಣುತ್ತಾಳೆ. ಆದುದರಿಂದ ಬಿಡಾರದ ಬಾಡಿಗೆಯನ್ನು ಗೊತ್ತುಮಾಡುವ ಮೊದಲೇ ಒಲೆಯ ಸರದಿಯನ್ನು ಗೊತ್ತುಮಾಡಬೇಕು. ಸ್ವಯಂಪಾಕ ಎಂದರೆ ತಾನು ಬೇಯಿಸಿಕೊಳ್ಳುವುದು. ಹೆಂಡತಿಯಿಂದ ಬೇಯಿಸಿಕೊಳ್ಳುವುದು ಎಂದು ಯಾವ ನಿಘಂಟಿನಲ್ಲಿಯೂ ಅರ್ಥವಿಲ್ಲ.

ನಮ್ಮ ಬಿಡಾರದಲ್ಲಿ ಮಾಡಿಕೊಂಡ ಕಟ್ಟಳೆ ಸರಳವಾದದ್ದು. ದಿನಕ್ಕೆ ಒಂದೇ ದೊಡ್ಡ ಅಡಿಗೆ, ಅದು ಮಧ್ಯಾಹ್ನಕ್ಕೆ. ಬೆಳಿಗ್ಗೆ ಗಂಜಿ ಅಥವಾ ಅವಲಕ್ಕಿ. ರಾತ್ರಿ ಉಳಿದದ್ದು, ಸಾಲದಿದ್ದರೆ ಊರಿನ ಹೋಟೆಲು. ಸಂಜೆ ಐದರಿಂದ ಏಳರವರೆಗೆ ಒಲೆಗೂ ರಜೆ, ಎಲ್ಲರೂ ಮರಳಿನ ಮೇಲೆ. ಪೇಟೆಯೂ ಪಾತ್ರೆಯೂ ಗಂಡಸರ ಪಾಲು; ಕಾಯಿ ತುರಿಯುವುದು ಮಕ್ಕಳ ಪಾಲು. ಎರಡು ದಿನ ಅಡಿಗೆಯನ್ನೂ ನಾನೇ ಕೈಗೆತ್ತಿಕೊಂಡೆ. ತರಗತಿಯಲ್ಲಿ ನಳಪಾಕವನ್ನು ವರ್ಣಿಸುವುದು ಸುಲಭ. ಕುಚ್ಚಲಕ್ಕಿಯ ಮುಂದೆ ನಿಂತಾಗ ನಳನ ಹೆಸರು ನೆರವಿಗೆ ಬರುವುದಿಲ್ಲ. ಆದರೂ ಯಾರೂ ಉಪವಾಸ ಬೀಳಲಿಲ್ಲ. ಮನೆಯಾಕೆ ಆ ಎರಡು ದಿನವೂ ದೀಪಸ್ತಂಭದ ಬಂಡೆಯ ಮೇಲೆ ಕುಳಿತು ಧಾರಾವಾಹಿಯ ಕಂತುಗಳನ್ನು ಓದಿ ಮುಗಿಸಿದರು.

ಹೊರಡುವವರಿಗೆ ನಾಲ್ಕು ಮಾತು

ಬಿಡಾರ ಹಿಡಿಯುವ ಮುನ್ನ ಕೇಳಬೇಕಾದ ಸಂಗತಿಗಳಿವೆ. ಗ್ಯಾಸಿನ ಲೆಕ್ಕ ಬಾಡಿಗೆಯಲ್ಲಿ ಸೇರಿದೆಯೆ? ಕುಡಿಯುವ ನೀರು ಎಲ್ಲಿಯದು? ತೀರದ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುವುದುಂಟು. ಎಷ್ಟು ಜನಕ್ಕೆ ಪಾತ್ರೆಗಳಿವೆ? ಮೀನು ಬೇಯಿಸಲು ಒಡೆಯರ ಒಪ್ಪಿಗೆ ಇದೆಯೆ? ಕೆಲವರು ಒಪ್ಪುವುದಿಲ್ಲ, ಅದನ್ನು ಮೊದಲೇ ತಿಳಿದರೆ ಮನಸ್ತಾಪವಿಲ್ಲ. ಹಿರಿಯರ ಗುರುತಿನ ಚೀಟಿಗಳನ್ನು ಜೊತೆಯಲ್ಲಿಡಬೇಕು. ಒಂದು ಹರಿತವಾದ ಚಾಕು, ಬೆಂಕಿಪೆಟ್ಟಿಗೆ, ಸಾರಿನ ಪುಡಿ, ಎರಡು ಬಟ್ಟೆಯ ಚೀಲ ಇವನ್ನು ಊರಿನಿಂದ ಒಯ್ದರೆ ಅಲ್ಲಿ ಪರದಾಡಬೇಕಾಗಿಲ್ಲ.

ಕಡಲಿಗೆ ಇಳಿಯುವುದರಲ್ಲಿ ಕೆರೆಯ ಈಜಿನ ಜಂಬ ಬೇಡ. ಲಕ್ಷ್ಮಣತೀರ್ಥದಲ್ಲಿ ಈಜಿದವನೂ, ಚುಂಚನಕಟ್ಟೆಯ ಮಡುವಿಗೆ ಧುಮುಕಿದವನೂ ಕಡಲಿನ ಒಳಸೆಳೆತವನ್ನು ಅರಿಯನು. ಅಲ್ಲಿಯ ಮೀನುಗಾರರು ‘ಇಂದು ಬೇಡ’ ಎಂದರೆ ಬೇಡ. ಯಂತ್ರದೋಣಿಗಳವರೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದು ಸರ್ಕಾರ ವಿಧಿಸಿದ ಬಿಡುವು ಅದು. ಆ ತಿಂಗಳುಗಳಲ್ಲಿ ಹೋದವರು ಪೇಟೆಯಲ್ಲಿ ಮೀನು ತುಟ್ಟಿಯೆಂದು ಗೊಣಗಬಾರದು.

ಕಸದ ಮಾತನ್ನೂ ಹೇಳಬೇಕು. ಬೇಯಿಸಿ ಉಣ್ಣುವವನು ಕಸವನ್ನೂ ಹುಟ್ಟಿಸುತ್ತಾನೆ. ಕಾಪುವಿನ ನೆರೆಯ ಪಡುಬಿದ್ರಿಯ ತೀರಕ್ಕೂ ಹೊನ್ನಾವರದ ಕಾಸರಕೋಡಿನ ತೀರಕ್ಕೂ 2020ರಲ್ಲಿ ಶುಚಿತ್ವ, ಸುರಕ್ಷತೆಗಳಿಗೆ ಸಲ್ಲುವ ಅಂತರರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ದೊರೆಯಿತು. ಅಂತಹ ಹೆಸರನ್ನು ಗಳಿಸುವುದು ಊರಿನವರ ಶ್ರಮ. ಕೆಡಿಸುವುದಕ್ಕೆ ಪ್ರವಾಸಿಯ ಒಂದು ಪ್ಲಾಸ್ಟಿಕ್ಕಿನ ಚೀಲ ಸಾಕು. ಮೀನಿನ ಹೊಟ್ಟು, ತರಕಾರಿಯ ಸಿಪ್ಪೆಗಳನ್ನು ಎಲ್ಲಿ ಹಾಕಬೇಕೆಂದು ಮನೆಯೊಡೆಯರನ್ನು ಕೇಳಿ ಹಾಗೆಯೇ ನಡೆಯಬೇಕು.

ಹೊರಡುವ ದಿನ ಇನ್ನೊಂದು ಸಣ್ಣ ಕೆಲಸ ಉಳಿಯುತ್ತದೆ. ಒಲೆಯನ್ನು ಒರೆಸಿ, ಪಾತ್ರೆಗಳನ್ನು ಬೋರಲು ಹಾಕಿ, ಉಳಿದ ಉಪ್ಪು, ಸಕ್ಕರೆ, ಅರ್ಧ ಬಾಟಲಿ ಎಣ್ಣೆಗಳನ್ನು ಒಡೆಯರಿಗೆ ಹೇಳಿ ಗೂಡಿನಲ್ಲಿ ಬಿಟ್ಟುಬರುವುದು. ಮುಂದೆ ಬರುವ ಸಂಸಾರ ಎಲ್ಲಿಯದೋ, ಯಾವ ಜಾತಿಯದೋ ನಮಗೆ ತಿಳಿಯದು. ಬಿಸಿಲಲ್ಲಿ ಬಳಲಿ ಬಂದು ಇಳಿದ ಅವರು, ಪೇಟೆಗೆ ಓಡುವ ಮುನ್ನ, ಮೊದಲ ಲೋಟ ಚಹಾವನ್ನು ನಮ್ಮ ಸಕ್ಕರೆಯಲ್ಲಿ ಕಾಯಿಸಿಕೊಂಡಾರು.